"ಮನೆಯವರು ನೋಡ್ಕೋತಾರೆ" ಅಂದ್ರೆ ಯಾರು ನೋಡ್ಕೋತಾರೆ?

ಅಮ್ಮನಿಗೆ ಲಕ್ವ ಹೊಡೆದು ಹನ್ನೆರಡು ದಿನ ಆಸ್ಪತ್ರೇಲಿದ್ದು, ಹದಿಮೂರನೇ ದಿನ ಡಾಕ್ಟರು ಡಿಸ್ಚಾರ್ಜ್ ಶೀಟ್ ಕೈಗಿಟ್ಟು "ಇನ್ನು ಇಲ್ಲಿ ಮಾಡೋದು ಏನೂ ಇಲ್ಲ, ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಅಂದ್ರು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿತ್ತು, ಮಾತು ತೊದಲ್ತಿತ್ತು, ನುಂಗೋದೂ ಕಷ್ಟ. ಮನೆಗೆ ಹೋದ್ಮೇಲೆ ಏನು ಮಾಡ್ಬೇಕು ಅಂತ ಕೇಳಿದ್ದಕ್ಕೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಬೆಡ್ ಸೋರ್ ಆಗದ ಹಾಗೆ ನೋಡ್ಕೊಳ್ಳಿ, ಊಟ ಮಾಡಿಸುವಾಗ ಕೂರಿಸಿಯೇ ಮಾಡಿಸಿ ಅಂತ ನಿಂತ ಹಾಗೇ ಹೇಳಿ ಮುಂದಿನ ಪೇಶಂಟ್ ಕಡೆ ಹೋದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವತ್ತು ಅಷ್ಟು ದೊಡ್ಡ ವಾರ್ಡಿಗೆ ಅವರೊಬ್ಬರೇ ಇದ್ರು. ನನಗೆ ಇವತ್ತಿಗೂ ಮರೆಯೋಕಾಗದೇ ಇರೋದು ಆಮೇಲಿನ ಒಂದು ನಿಮಿಷ. ಕಾರಿಡಾರಲ್ಲಿ ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ಅಕ್ಕ, ಭಾವ ಇಷ್ಟೂ ಜನ ನಿಂತಿದ್ವಿ, ಯಾರೂ ಮಾತಾಡ್ಲಿಲ್ಲ, ಆದ್ರೆ ಎಲ್ಲರ ಕಣ್ಣೂ ಅಕ್ಕನ ಕಡೆ ಹೋಯ್ತು. ಅವಳು ಬ್ಯಾಗ್ ಎತ್ಕೊಂಡು "ನಮ್ಮನೆಗೇ ಕರ್ಕೊಂಡು ಹೋಗೋಣ ಬಿಡ್ರೋ" ಅಂದ್ಳು, ಅಷ್ಟೇ, ತೀರ್ಮಾನ ಆಗೋಯ್ತು.

ಆಗ ಅವಳಿಗೆ 49 ವರ್ಷ. ಒಂದು ಆಫೀಸಲ್ಲಿ ಲೆಕ್ಕ ಬರೆಯೋ ಕೆಲಸದಲ್ಲಿದ್ಳು. ಮೊದಲು ಇದ್ದಬದ್ದ ರಜೆ ಎಲ್ಲ ಹಾಕಿದ್ಳು, ಅದು ಮುಗಿದ್ಮೇಲೆ ಸಂಬಳ ಇಲ್ಲದ ರಜೆ, ಅದೂ ಮುಗಿದ್ಮೇಲೆ ಕೆಲಸ ಬಿಟ್ಳು. ಅಮ್ಮ ಆಮೇಲೆ ಆರು ವರ್ಷ ಇದ್ದಳು.

ಅಮ್ಮ ಹೋದ್ಮೇಲೆ ಆ ರೂಮು ಖಾಲಿ ಮಾಡುವಾಗ ನನಗೆ ಅಕ್ಕನ ನೋಟ್‌ಬುಕ್‌ಗಳು ಸಿಕ್ಕಿದ್ವು. ಉದ್ದದ ರೂಲ್ಡ್ ಪುಸ್ತಕಗಳು, ಲೆಕ್ಕ ಬರೆದು ಅಭ್ಯಾಸ ಇರೋಳಲ್ವಾ, ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಗೆರೆ ಹೊಡ್ದಿದ್ಳು. "ರಾತ್ರಿ 10 – ಎಡ. 12 – ಬಲ. 2 – ಎಡ, ಬೆನ್ನಲ್ಲಿ ಸ್ವಲ್ಪ ಕೆಂಪಾಗಿದೆ. 4 – ನೇರ, ಹಿಮ್ಮಡಿ ಕೆಳಗೆ ದಿಂಬು." ಬಿ.ಪಿ. ಎಷ್ಟು, ಶುಗರ್ ಎಷ್ಟು, ಮೂತ್ರ ಎಷ್ಟು ಸಲ, ಯಾವ ಮಾತ್ರೆ ಮುಗಿಯೋಕೆ ಬಂತು, ಎಲ್ಲ. ಮಗ್ಗುಲು ಬದಲಾಯಿಸಿದ್ದನ್ನೇ ದಿನಕ್ಕೆ ಹನ್ನೆರಡು ಸಲ ಅಂತ ಆರು ವರ್ಷ ಗುಣಿಸಿದ್ರೆ 26,000 ದಾಟತ್ತೆ. ಒಂದು ಪುಟದಲ್ಲಿ ಮಾತ್ರ ರಾತ್ರಿ 2ರ ಜಾಗ ಖಾಲಿ ಬಿಟ್ಟು ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ನಂಗೆ ಜ್ವರ, ಎಚ್ಚರ ಆಗ್ಲಿಲ್ಲ" ಅಂತ ಬರೆದಿತ್ತು. ಯಾರಿಗೆ ಉತ್ತರ ಕೊಡೋಕೆ ಬರೆದಳೋ, ಅವಳನ್ನ ಕೇಳೋರು ಯಾರೂ ಇರ್ಲಿಲ್ಲ. ಆ ಸಾಲು ಓದಿ ನಾನು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ.

ಆ ಆರು ವರ್ಷ ನಾನು ತಿಂಗಳು ತಿಂಗಳು ದುಡ್ಡು ಕಳಿಸ್ತಿದ್ದೆ, ಭಾನುವಾರ ಫೋನ್ ಮಾಡ್ತಿದ್ದೆ, ಯಾರಾದ್ರೂ ಅಮ್ಮ ಹೇಗಿದ್ದಾರೆ ಅಂತ ಕೇಳಿದ್ರೆ "ಮನೇಲೇ ಇದಾರೆ, ನೋಡ್ಕೋತಿದೀವಿ" ಅಂತಿದ್ದೆ. ಆ "ನೋಡ್ಕೋತಿದೀವಿ" ಅನ್ನೋ ಮಾತಲ್ಲಿ ನಾನು ಎಷ್ಟಿದ್ದೆ ಅನ್ನೋದು ಆ ಪುಸ್ತಕ ನೋಡಿದ ಮೇಲೆ ಗೊತ್ತಾಯ್ತು. ಅಲ್ಲಿಂದ ಈ ವಿಷಯದ ಮೇಲೆ ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡ್ದೆ. ಓದ್ತಾ ಓದ್ತಾ ಅನಿಸಿದ್ದು ಏನಂದ್ರೆ ನಮ್ಮನೆ ಕಾರಿಡಾರಲ್ಲಿ ಆಗಿದ್ದು ದೇಶ ದೇಶಗಳ ಮಟ್ಟದಲ್ಲೂ ಹಾಗೇ ಆಗ್ತಿದೆ, ವಯಸ್ಸಾದವರ ವಿಷಯ ಬಂದಾಗ ಎಲ್ಲರೂ ಸುಮ್ನೆ ನಿಂತ್ಕೊಂಡು ಒಬ್ಬಳ ಮುಖ ನೋಡ್ತಿದಾರೆ.

ಮೊದಲು ಒಂದು ಮಾತು ಹೇಳ್ಬೇಕು, ಜನ ಮುದುಕರಾಗೋದು ಕೆಟ್ಟ ಸುದ್ದಿ ಖಂಡಿತ ಅಲ್ಲ. 1950ರಲ್ಲಿ ಪ್ರಪಂಚದ ಸರಾಸರಿ ಆಯಸ್ಸು 46ರ ಆಸುಪಾಸು ಇತ್ತು, 2019ರ ಹೊತ್ತಿಗೆ 73ರ ಹತ್ರ ಬಂತು. ಲಸಿಕೆ ಬಂತು, ಕುಡಿಯೋ ನೀರು ಬಂತು, ಹೆರಿಗೇಲಿ ಸಾಯೋರು ಕಮ್ಮಿಯಾದ್ರು, ಹುಟ್ಟಿದ ಮಕ್ಕಳು ಉಳೀತಾವೆ ಅನ್ನೋ ಧೈರ್ಯ ಬಂದ್ಮೇಲೆ ಆರು ಏಳು ಹೆರೋದು ನಿಂತು ಎರಡಕ್ಕೆ ಬಂತು. ಬಾಂಗ್ಲಾದೇಶದಲ್ಲಿ 70ರ ದಶಕದಲ್ಲಿ ಒಬ್ಬ ಹೆಂಗಸಿಗೆ ಆರಕ್ಕೂ ಹೆಚ್ಚು ಮಕ್ಕಳಿರ್ತಿದ್ರು, ಈಗ ಎರಡರ ಹತ್ರ ಇದೆ. ಇರಾನಲ್ಲಂತೂ ಹದಿನೈದು ಇಪ್ಪತ್ತು ವರ್ಷದಲ್ಲೇ ಇಷ್ಟು ಬದಲಾವಣೆ ಆಗೋಯ್ತು. ಇದೆಲ್ಲ ನಮ್ಮ ಹಿಂದಿನೋರು ಕಷ್ಟಪಟ್ಟು ಗೆದ್ದಿದ್ದು. ಆದ್ರೆ ಹಾಗೆ ಗೆದ್ದಿದ್ದರ ಜೊತೇಲೇ ಒಂದು ಲೆಕ್ಕ ಬರತ್ತೆ, ನೋಡ್ಕೊಳ್ಳಬೇಕಾದ ಜನ ಜಾಸ್ತಿ, ನೋಡ್ಕೊಳ್ಳೋ ಕೈ ಕಮ್ಮಿ. ಆ ಕಡೆ ಮಾತ್ರ ಯಾರೂ ಗಮನ ಕೊಡ್ಲಿಲ್ಲ.

ಶ್ರೀಮಂತ ದೇಶಗಳಿಗೆ ಇದಕ್ಕೆ ಟೈಮ್ ಸಿಕ್ಕಿತ್ತು. 65 ದಾಟಿದವರು ನೂರಕ್ಕೆ 7 ಇದ್ದದ್ದು 14 ಆಗೋಕೆ ಫ್ರಾನ್ಸಿಗೆ 115 ವರ್ಷ ಹಿಡೀತು, ಸ್ವೀಡನ್ನಿಗೆ 85. ಅಷ್ಟರಲ್ಲಿ ಅವರು ಫ್ಯಾಕ್ಟರಿ ಕಟ್ಟಿದ್ರು, ತೆರಿಗೆ ವಸೂಲಿ ಕಲಿತ್ರು, ಪೆನ್ಶನ್ ಮಾಡಿದ್ರು, ನರ್ಸಿಂಗ್ ಹೋಂ ಕಟ್ಟಿದ್ರು, ತಪ್ಪು ಮಾಡಿ ತಿದ್ಕೊಂಡ್ರು. ಅದೇ ದಾರಿಯನ್ನ ಥಾಯ್ಲೆಂಡ್ ಸುಮಾರು 20 ವರ್ಷದಲ್ಲಿ ನಡೆದು ಮುಗಿಸಿದೆ, ಚೀನಾನೂ ಹೆಚ್ಚುಕಮ್ಮಿ ಅಷ್ಟರಲ್ಲೇ, ಬ್ರೆಜಿಲ್ಲೂ ಅದೇ ವೇಗದಲ್ಲಿ ಹೋಗ್ತಿದೆ. ಚೀನಾದಲ್ಲಿ ಇದಕ್ಕೆ ಒಂದು ಮಾತೇ ಹುಟ್ಕೊಂಡಿದೆ, ಶ್ರೀಮಂತರಾಗೋಕೆ ಮುಂಚೆ ಮುದುಕರಾದ್ವಿ ಅಂತ. ಅಲ್ಲಿ 1980ರಿಂದ 2015ರವರೆಗೆ ಒಂದೇ ಮಗು ಅನ್ನೋ ನಿಯಮ ಇತ್ತಲ್ಲ, ಅದರಲ್ಲಿ ಹುಟ್ಟಿದ ಒಬ್ಬ ಮಗನೋ ಮಗಳೋ ಈಗ ಅಪ್ಪ ಅಮ್ಮ, ಅಜ್ಜ ಅಜ್ಜಿ ಎರಡೂ ಕಡೆಯವರು ಅಂತ ಆರು ಜನರ ಕೆಳಗೆ ಒಬ್ಬರೇ ನಿಂತಿರ್ತಾರೆ. ಪ್ರಪಂಚದಲ್ಲಿ 60 ದಾಟಿದವರು 2020ರಲ್ಲಿ 100 ಕೋಟಿ ಇದ್ರು, 2050ಕ್ಕೆ 210 ಕೋಟಿ ಆಗ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು. ಆಗ ಅವರಲ್ಲಿ ನೂರಕ್ಕೆ 80 ಜನ ಇರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಇಂಥ ದೇಶಗಳಲ್ಲಿ ಜಾಸ್ತಿ ಜನ ದುಡಿಯೋದು ಹೊಲದಲ್ಲಿ, ಕಟ್ಟಡ ಕೆಲಸದಲ್ಲಿ, ಬೀದಿ ವ್ಯಾಪಾರದಲ್ಲಿ, ಬೇರೆಯವರ ಮನೆ ಕೆಲಸದಲ್ಲಿ. ಪ್ರಪಂಚದಲ್ಲಿ 200 ಕೋಟಿ ಜನ ಹೀಗೆ ಕಾಗದ ಪತ್ರ ಇಲ್ಲದ ದುಡಿಮೇಲಿ ಇದ್ದಾರೆ ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳತ್ತೆ. ಅವರಿಗೆ ರಿಟೈರ್‌ಮೆಂಟ್ ಅನ್ನೋ ದಿನವೇ ಬರಲ್ಲ, ಮೈ ಕೈ ಬಿಟ್ಟ ದಿನ ಕೆಲಸ ನಿಲ್ಲತ್ತೆ, ಅಷ್ಟೇ. ಕಡಿಮೆ ಆದಾಯದ ದೇಶಗಳಲ್ಲಿ ವಯಸ್ಸಾದ ನಾಲ್ಕು ಜನರಲ್ಲಿ ಒಬ್ಬರಿಗೂ ಪೆನ್ಶನ್ ಇಲ್ಲ. ಬಡ ದೇಶಕ್ಕೆ ಇದು ಆಗದ ಕೆಲಸ ಅಂತ ಹೇಳೋರು ಇದ್ದಾರೆ, ನನಗೆ ಆ ಮಾತು ಒಪ್ಪೋಕಾಗಲ್ಲ. ನೇಪಾಳ 1995ರಲ್ಲೇ ವಯಸ್ಸಾದವರಿಗೆ ಭತ್ಯೆ ಶುರು ಮಾಡ್ತು, ಲೆಸೊಥೊ ಅನ್ನೋ ಪುಟ್ಟ ಬಡ ದೇಶ 2004ರಲ್ಲಿ 70 ದಾಟಿದವರಿಗೆ ಪೆನ್ಶನ್ ಕೊಡೋಕೆ ಶುರು ಮಾಡ್ತು, ಬೊಲಿವಿಯಾನೂ ಕೊಡತ್ತೆ. ಕೊಟ್ಟ ದುಡ್ಡು ಮುದುಕರ ಜೇಬಲ್ಲೇ ಉಳಿಯತ್ತೆ ಅಂತಾನೂ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಎಸ್ತರ್ ಡುಫ್ಲೊ ಮಾಡಿದ ಅಧ್ಯಯನ ಒಂದಿದೆ, ಇವರಿಗೇ ಆಮೇಲೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಜ್ಜಿ ಕೈಗೆ ಪೆನ್ಶನ್ ಬಂದ ಮನೆಗಳಲ್ಲಿ ಚಿಕ್ಕ ಹೆಣ್ಣುಮಕ್ಕಳ ಮೈತೂಕ ಸುಧಾರಿಸಿತ್ತು. ಅಜ್ಜನ ಕೈಗೆ ಬಂದಾಗ ಆ ಬದಲಾವಣೆ ಕಾಣಲಿಲ್ಲ. ಅಜ್ಜಿ ಆ ದುಡ್ಡಲ್ಲಿ ಮೊಮ್ಮಗಳ ಹೊಟ್ಟೆ ನೋಡಿದ್ಳು.

ಆದ್ರೆ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ದುಡ್ಡಿನ ಲೆಕ್ಕಕ್ಕಿಂತ ಗಂಟೆಗಳ ಲೆಕ್ಕ. ಯಾವ ಸರ್ಕಾರದ ಯೋಜನೆ ಓದಿದ್ರೂ ಒಂದು ಕಡೆ ಈ ಸಾಲು ಇದ್ದೇ ಇರತ್ತೆ, "ನಮ್ಮಲ್ಲಿ ಕುಟುಂಬ ವ್ಯವಸ್ಥೆ ಗಟ್ಟಿಯಾಗಿದೆ, ಹಿರಿಯರನ್ನ ಕುಟುಂಬವೇ ನೋಡಿಕೊಳ್ಳುತ್ತೆ" ಅನ್ನೋ ಅರ್ಥದ್ದು. ಕುಟುಂಬಕ್ಕೆ ಕೈ ಇರತ್ತಾ? ರಾತ್ರಿ 2 ಗಂಟೆಗೆ ಕುಟುಂಬ ಎದ್ದು ಮಗ್ಗುಲು ಬದಲಾಯಿಸತ್ತಾ? ಎದ್ದೇಳೋದು ಒಬ್ಬಳು. ಮಗಳೋ, ಸೊಸೆಯೋ, ಇಲ್ಲಾಂದ್ರೆ ತಾನೇ 70 ದಾಟಿದ ಹೆಂಡತಿಯೋ. ಸಂಬಳ ಇಲ್ಲದ ಆರೈಕೆ ಕೆಲಸದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರೇ ಮಾಡ್ತಾರೆ. 2018ರಲ್ಲಿ ಕಾರ್ಮಿಕ ಸಂಸ್ಥೆಯವರು ಕೊಟ್ಟ ಲೆಕ್ಕದಲ್ಲಿ, ಮಕ್ಕಳನ್ನೋ ಹಿರಿಯರನ್ನೋ ನೋಡ್ಕೊಳ್ಳೋದೇ ಕೆಲಸ ಆಗಿರೋದ್ರಿಂದ ದುಡಿಮೆಗೆ ಹೋಗೋಕಾಗದೇ ಇರೋ ಹೆಂಗಸರು 60.6 ಕೋಟಿ, ಗಂಡಸರು 4.1 ಕೋಟಿ. ಮರೆವಿನ ಕಾಯಿಲೆ ಇರೋರ ಆರೈಕೆಯ ಗಂಟೆಗಳಲ್ಲೂ ನೂರಕ್ಕೆ 70 ಹೆಂಗಸರದ್ದೇ. ಅಕ್ಕನ ನೋಟ್‌ಬುಕ್ ಈ ಅಂಕಿಯೊಳಗೆ ಎಲ್ಲೋ ಒಂದು ಚುಕ್ಕೆ.

ಮತ್ತೆ ಆ ಹೆಂಗಸಿನ ಮುಂದಿನ ಕಥೆ ಏನು ಅಂತಾನೂ ನೋಡ್ಬೇಕು. ಹೆಂಗಸರು ಗಂಡಸರಿಗಿಂತ ಜಾಸ್ತಿ ವರ್ಷ ಬದುಕ್ತಾರೆ, ಗಂಡನಿಗಿಂತ ವಯಸ್ಸಲ್ಲಿ ಚಿಕ್ಕವರೂ ಆಗಿರ್ತಾರೆ, ಹಾಗಾಗಿ ಅತ್ತೆ ಮಾವನ್ನ ನೋಡ್ಕೊಂಡು, ಅಪ್ಪ ಅಮ್ಮನ್ನ ನೋಡ್ಕೊಂಡು, ಕೊನೆಗೆ ಗಂಡನ್ನೂ ನೋಡ್ಕೊಂಡು ಕಳಿಸಿಕೊಟ್ಟ ಮೇಲೆ ತನ್ನ ಸರದಿ ಬರುವಾಗ ಒಂಟಿಯಾಗಿರ್ತಾಳೆ. ದುಡಿಯೋ ವಯಸ್ಸಲ್ಲಿ ಕೆಲಸ ಬಿಟ್ಟಿರೋದ್ರಿಂದ ಉಳಿತಾಯ ಇಲ್ಲ, ಪೆನ್ಶನ್ ಇಲ್ಲ, ಆಸ್ತಿ ಅವಳ ಹೆಸರಲ್ಲಿ ಇರೋದೂ ಅಪರೂಪ. ಅಕ್ಕ ಮೊನ್ನೆ ಯಾವುದೋ ಅರ್ಜಿ ತುಂಬ್ತಿದ್ಳು, ಉದ್ಯೋಗ ಅನ್ನೋ ಕಡೆ ಪೆನ್ನು ಇಟ್ಟು ಸ್ವಲ್ಪ ಹೊತ್ತು ನಿಂತು "ಇಲ್ಲ" ಅಂತ ಬರೆದಳು. ಪಕ್ಕದಲ್ಲೇ ಕೂತಿದ್ದೆ, ಏನು ಹೇಳ್ಬೇಕು ಅಂತ ಗೊತ್ತಾಗಲಿಲ್ಲ.

ಕಾನೂನುಗಳಿವೆ. ಸಿಂಗಾಪುರದಲ್ಲಿ 1995ರಲ್ಲೇ, ಭಾರತದಲ್ಲಿ 2007ರಲ್ಲಿ ಮಕ್ಕಳು ಅಪ್ಪ ಅಮ್ಮನಿಗೆ ಜೀವನಾಂಶ ಕೊಡಲೇಬೇಕು ಅನ್ನೋ ಕಾಯ್ದೆ ಬಂತು, ಚೀನಾ 2013ರಲ್ಲಿ ದೂರ ಇರೋ ಮಕ್ಕಳು ಆಗಾಗ ಬಂದು ನೋಡ್ಕೊಂಡು ಹೋಗ್ಬೇಕು ಅಂತ ಕಾನೂನಲ್ಲೇ ಸೇರಿಸಿತು. ಬೀದಿಗೆ ಬಿದ್ದ ತಂದೆ ತಾಯಿಗೆ ಇಂಥದ್ದು ಬೇಕು, ಬೇಡ ಅನ್ನಲ್ಲ. ಆದ್ರೆ ನಮ್ಮಕ್ಕನಿಗೆ ಯಾವ ಕಾನೂನೂ ಹೇಳ್ಬೇಕಾಗಿರ್ಲಿಲ್ಲ. ಅವಳಿಗೆ ಬೇಕಾಗಿದ್ದು ವಾರಕ್ಕೆ ಒಂದು ರಾತ್ರಿ ಪೂರ್ತಿ ನಿದ್ದೆ, ತಿಂಗಳಿಗೆ ಒಂದ್ಸಲ ಮನೆಗೇ ಬಂದು ಗಾಯ ನೋಡೋ ನರ್ಸು, ಮತ್ತೆ ಅಮ್ಮನ್ನ ಸೊಂಟ ಉಳುಕದ ಹಾಗೆ ಎತ್ತೋದು ಹೇಗೆ ಅಂತ ಯಾರಾದ್ರೂ ಹೇಳಿಕೊಡೋದು. ಈ ಮೂರರಲ್ಲಿ ಒಂದೂ ಸಿಗಲಿಲ್ಲ.

ಒಂದು ದಿನ ನಾನು ಅಲ್ಲಿದ್ದಾಗಲೇ ಆರೋಗ್ಯ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಿದ್ರು. ಕೈಯಲ್ಲಿ ದಪ್ಪ ರಿಜಿಸ್ಟರು, ಬಿಸಿಲಲ್ಲಿ ನಡೆದು ಸುಸ್ತಾಗಿತ್ತು ಪಾಪ. ಗರ್ಭಿಣಿಯರು ಇದಾರಾ, ಐದು ವರ್ಷದೊಳಗಿನ ಮಕ್ಕಳು ಇದಾರಾ, ಲಸಿಕೆ ಬಾಕಿ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದ್ವಿ. ಒಳಗೆ ಮಲಗಿದ್ದ ಅಮ್ಮ ಕೆಮ್ಮಿದ್ದು ಅವರಿಗೂ ಕೇಳಿಸ್ತು. "ಯಾರು, ಅಮ್ಮಾನಾ? ಹುಷಾರಿಲ್ವಾ?" ಅಂತ ತುಂಬಾ ಅಕ್ಕರೆಯಿಂದಾನೇ ಕೇಳಿದ್ರು, ಅಕ್ಕ ಹೇಳಿದ್ಲು, ಅವರು ರಿಜಿಸ್ಟರಿನ ಪುಟ ಹಿಂದೆ ಮುಂದೆ ತಿರುಗಿಸಿ ನೋಡಿದ್ರು, ಆಮೇಲೆ ಮುಚ್ಚಿಕೊಂಡು "ನೋಡ್ಕೊಳ್ಳಿ ಅಮ್ಮಾ" ಅಂತ ಹೇಳಿ ಹೋದ್ರು. ಅಮ್ಮನ್ನ ಬರೆದುಕೊಳ್ಳೋಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇರ್ಲಿಲ್ಲ. ಬಡ ದೇಶಗಳ ಆರೋಗ್ಯ ವ್ಯವಸ್ಥೆ ಕಟ್ಟಿದ್ದೇ ತಾಯಿ ಮಗುವಿನ ಸಾವು ತಪ್ಪಿಸೋಕೆ, ಸಾಂಕ್ರಾಮಿಕ ರೋಗ ತಡೆಯೋಕೆ, ಆ ಕಾಲಕ್ಕೆ ಅದು ಸರಿಯೇ. ಈಗ ಮನೆ ಮನೇಲಿ ಇರೋದು ಬಿ.ಪಿ., ಶುಗರ್, ಲಕ್ವ, ಮಂಡಿನೋವು, ಕಿವಿ ಕೇಳಿಸದೇ ಇರೋದು, ಮರೆವು. ಒಂದು ಇಂಜೆಕ್ಷನ್ನಿಗೆ ವಾಸಿ ಆಗೋ ಥರದ್ದು ಇದ್ರಲ್ಲಿ ಯಾವುದೂ ಇಲ್ಲ, ವರ್ಷಾನುಗಟ್ಟಲೆ ಜೊತೇಲಿ ನಡೀಬೇಕಾದ ಕಾಯಿಲೆಗಳು.

ಇದರ ಮಧ್ಯೆ ಮಕ್ಕಳು ಊರು ಬಿಡ್ತಾರೆ, ನಾನೂ ಬಿಟ್ಟವನೇ. ದುಡಿಮೆ ಇರೋ ಕಡೆ ಹೋಗದೆ ಬೇರೆ ದಾರಿ ಇರಲ್ಲ. ಆದ್ರೆ ಒಂದು ವಿಷಯ ನೆನೆಸ್ಕೊಂಡ್ರೆ ಹೊಟ್ಟೆಯಲ್ಲಿ ಸಂಕಟ ಆಗತ್ತೆ. ಶ್ರೀಮಂತ ದೇಶಗಳಲ್ಲಿ ಮುದುಕರನ್ನ ನೋಡ್ಕೊಳ್ಳೋಕೆ ಕೈ ಸಾಲ್ತಿಲ್ಲ, ಹಾಗಾಗಿ ಬಡ ದೇಶಗಳಿಂದ ಕರೆಸ್ಕೋತಾರೆ. ಜಪಾನ್ 2008ರಿಂದ ಇಂಡೊನೇಷ್ಯಾದಿಂದ, ಆಮೇಲೆ ಫಿಲಿಪ್ಪೀನ್ಸ್, ವಿಯೆಟ್ನಾಂನಿಂದ ನರ್ಸುಗಳನ್ನ, ಆರೈಕೆ ಮಾಡೋರನ್ನ ಒಪ್ಪಂದ ಮಾಡ್ಕೊಂಡು ಕರೆಸ್ತಿದೆ. ಟ್ರೇನಿಂಗ್ ತಗೊಂಡ, ಎತ್ತೋದು ಹೇಗೆ, ನುಂಗಿಸೋದು ಹೇಗೆ ಅಂತ ಚೆನ್ನಾಗಿ ಗೊತ್ತಿರೋ ಹುಡುಗಿ ಇನ್ಯಾರದ್ದೋ ತಾಯಿಯ ಹಾಸಿಗೆ ಪಕ್ಕ ಇರ್ತಾಳೆ, ಅವಳ ಸ್ವಂತ ತಾಯಿಯ ಹಾಸಿಗೆ ಪಕ್ಕ ಯಾರೂ ಏನೂ ಕಲಿಸಿಕೊಟ್ಟಿರದ ಅವಳ ಅಕ್ಕನೋ ತಂಗಿಯೋ ಇರ್ತಾಳೆ. ಅವಳು ಕಳಿಸೋ ದುಡ್ಡಿಂದ ಮನೆ ನಡೆಯತ್ತೆ, ಆದ್ದರಿಂದ ಅವಳನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಜಪಾನಲ್ಲೂ ಹಿಂದೆ ಈ ಭಾರ ಹೆಚ್ಚಾಗಿ ಸೊಸೆ ಮೇಲೇ ಬೀಳ್ತಿತ್ತು. 2000ದಲ್ಲಿ ಅವರು ಆರೈಕೆಗೇ ಅಂತ ವಿಮೆ ತಂದ್ರು, 40 ದಾಟಿದ ಎಲ್ಲರೂ ಕಂತು ಕಟ್ಟಬೇಕು, ಅರ್ಧ ತೆರಿಗೆ ದುಡ್ಡು. ಅಷ್ಟು ದೊಡ್ಡ ವ್ಯವಸ್ಥೆ ಎಲ್ಲ ದೇಶಕ್ಕೂ ನಾಳೆನೇ ಆಗಲ್ಲ ಅಂತ ಗೊತ್ತು. ಆದ್ರೆ ಅಷ್ಟು ದುಡ್ಡಿಲ್ಲದ ಕಡೆನೂ ಕೆಲಸ ಆಗ್ತಿದೆ. ಥಾಯ್ಲೆಂಡಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಮ ಆರೋಗ್ಯ ಸ್ವಯಂಸೇವಕರಿದ್ದಾರೆ, ಮೊದಲು ಮಲೇರಿಯಾ, ಕುಟುಂಬ ಯೋಜನೆ ಅಂತ ಓಡಾಡ್ತಿದ್ದವರು ಈಗ ಹಾಸಿಗೆ ಹಿಡಿದವರ ಮನೆಗೂ ಹೋಗ್ತಾರೆ. ವಿಯೆಟ್ನಾಂನಲ್ಲಿ 2006ರಿಂದ ಹಳ್ಳಿಗಳಲ್ಲಿ ಹಿರಿಯರೂ ಕಿರಿಯರೂ ಸೇರಿದ ಸ್ವಸಹಾಯ ಕ್ಲಬ್‌ಗಳು ಬೆಳೆದಿವೆ, ಬಿ.ಪಿ. ನೋಡ್ತಾರೆ, ಸಣ್ಣ ಸಾಲ ಕೊಡ್ತಾರೆ, ಒಂಟಿ ಇರೋರ ಮನೆಗೆ ಸದಸ್ಯರು ಹೋಗಿ ನೆಲ ಒರೆಸಿ, ಸ್ನಾನ ಮಾಡಿಸಿ ಬರ್ತಾರೆ. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಅನ್ನೋ ಮನೋವೈದ್ಯರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ರು, ಮನಸ್ಸು ಭಾರ ಆದವರು ಬಂದು ಪಕ್ಕದಲ್ಲಿ ಕೂತು ಮಾತಾಡ್ಬಹುದು. ಅಲ್ಲಿನ ಶೋನಾ ಭಾಷೆಯಲ್ಲಿ ಆ ಕಷ್ಟಕ್ಕೆ "ಕುಫುಂಗಿಸಿಸಾ" ಅಂತಾರೆ, ಅತಿಯಾಗಿ ಯೋಚನೆ ಮಾಡೋದು ಅಂತ. ಅಕ್ಕ ಫೋನಲ್ಲಿ ಹೇಳ್ತಿದ್ದದ್ದು ಅದೇ ಮಾತು, "ತಲೆ ನಿಲ್ತಾನೇ ಇಲ್ಲ ಕಣೋ, ಓಡ್ತಾನೇ ಇರತ್ತೆ."

ನನಗೆ ಎಲ್ಲಕ್ಕಿಂತ ಹತ್ತಿರ ಅನಿಸಿದ್ದು ಕೊಲಂಬಿಯಾದ ಬೊಗೊಟಾ ನಗರದ್ದು. 2020ರಿಂದ ಅಲ್ಲಿ ನಗರಪಾಲಿಕೆಯವರು ಆರೈಕೆ ಬ್ಲಾಕ್ ಅಂತ ಮಾಡಿದ್ದಾರೆ. ಮನೆಯಿಂದ ನಡೆದು ಹೋಗೋ ದೂರದಲ್ಲಿ ಒಂದು ಜಾಗ, ಅಲ್ಲಿಗೆ ಹೆಂಗಸು ತಾನು ನೋಡ್ಕೊಳ್ತಿರೋರನ್ನ ಕರ್ಕೊಂಡು ಬಂದು ತರಬೇತಿ ಇರೋರ ಹತ್ರ ಬಿಡ್ತಾಳೆ, ತಂದ ಬಟ್ಟೆನ ವಾಷಿಂಗ್ ಮಷೀನಿಗೆ ಹಾಕ್ತಾಳೆ, ಅಷ್ಟು ಹೊತ್ತು ಅವಳು ಅರ್ಧಕ್ಕೆ ನಿಂತ ಹೈಸ್ಕೂಲು ಓದಬಹುದು, ವ್ಯಾಯಾಮ ಮಾಡಬಹುದು, ವಕೀಲರ ಹತ್ರ ಮಾತಾಡಬಹುದು, ಸುಮ್ನೆ ಕೂತಿರಬಹುದು. ಇದಕ್ಕೆಲ್ಲ ಅವಳು ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ಮಾಡಿದ್ದಾರೆ, ಗಂಡಸರಿಗೆ ಆರೈಕೆ ಕಲಿಸೋ ಶಾಲೆ. ಇಷ್ಟು ದೂರದ ಊರಲ್ಲಿ ಯಾರೋ ನಮ್ಮಕ್ಕನ್ನ ನೋಡಿ ಯೋಚನೆ ಮಾಡಿದ್ದಾರೇನೋ ಅನಿಸ್ತು ಓದುವಾಗ. ವಯಸ್ಸಾದವರ ಬಗ್ಗೆ ಯೋಜನೆ ಮಾಡೋರೆಲ್ಲ ಹಾಸಿಗೆ ಮೇಲೆ ಇರೋರನ್ನ ನೋಡ್ತಾರೆ, ಪಕ್ಕದಲ್ಲಿ ನಿಂತಿರೋಳನ್ನ ಇವರು ನೋಡಿದ್ರಲ್ಲ ಅಂತ.

ಅಮ್ಮ ಹೋಗಿ ಎರಡು ವರ್ಷ ಆಯ್ತು. ಅಕ್ಕನಿಗೆ ಈಗಲೂ ರಾತ್ರಿ 2ಕ್ಕೆ ಎಚ್ಚರ ಆಗತ್ತಂತೆ, ಎದ್ದು ಕೂತು ಆಮೇಲೆ ನೆನಪಾಗಿ ಮಲಗ್ತಾಳಂತೆ. ಸೊಂಟ ಅವಳದ್ದು ಪೂರ್ತಿ ಹೋಗಿದೆ, ಬಗ್ಗಿ ಬಿಂದಿಗೆ ಎತ್ತೋಕಾಗಲ್ಲ.

ಕಳೆದ ತಿಂಗಳು ಚಿಕ್ಕಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಆಗಿ ಡಿಸ್ಚಾರ್ಜ್ ಮಾಡಿದ ದಿನ ಮತ್ತೆ ಅದೇ ಥರ ಕಾರಿಡಾರು, ಚಿಕ್ಕಮ್ಮನ ಮಗ ದೂರದಲ್ಲಿದ್ದಾನೆ, ಎಲ್ಲರ ಕಣ್ಣು ಮತ್ತೆ ಅಕ್ಕನ ಕಡೆ ಹೊರಳ್ತಾ ಇತ್ತು. ಈ ಸಲ ನಾನು ಬ್ಯಾಗ್ ಎತ್ಕೊಂಡೆ. ಮನೆಯಿಂದಲೇ ಕೆಲಸ ಮಾಡೋಕೆ ಆಫೀಸಲ್ಲಿ ಕೇಳಿ ಪರ್ಮಿಶನ್ ತಗೊಂಡಿದೀನಿ, ರಾತ್ರಿ ಪಾಳಿ ನನ್ನದು, ಹಗಲು ನನ್ನ ಹೆಂಡತಿ ಮತ್ತೆ ಒಬ್ಬರು ಹೋಂ ನರ್ಸು. ಮೊದಲ ರಾತ್ರಿ ಅಕ್ಕ ಕುರ್ಚಿ ಹಾಕ್ಕೊಂಡು ಪಕ್ಕದಲ್ಲಿ ಕೂತಿದ್ಳು, ಅವಳನ್ನ ಏನೂ ಎತ್ತೋಕೆ ಬಿಡಲ್ಲ ಅಂತ ಮೊದಲೇ ಹೇಳಿದ್ದೆ. ನಾನು ಚಿಕ್ಕಮ್ಮನ ಕೈ ಹಿಡಿದು ಎಳೆಯೋಕೆ ಹೋದೆ.

"ಕೈ ಎಳೀಬೇಡ್ವೋ, ಭುಜ ಕಿತ್ತು ಬರತ್ತೆ. ಮಂಡಿ ಬಗ್ಗಿಸು, ನಿಂದು, ಅವರದ್ದಲ್ಲ. ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ, ಆಪರೇಷನ್ ಆದ ಕಡೆ ಒತ್ತಬೇಡ. ಕಾಲುಗಳ ಮಧ್ಯೆ ದಿಂಬಿಟ್ಯಾ? ಹ್ಞಾ. ಈಗ ಹೇಳು ಅವರಿಗೆ, ತಿರುಗಿಸ್ತೀನಿ ಅಂತ ಹೇಳ್ದೆ ತಿರುಗಿಸ್ಬೇಡ ಯಾವತ್ತೂ."

"ಚಿಕ್ಕಮ್ಮಾ, ತಿರುಗಿಸ್ತೀನಿ" ಅಂದೆ. ಚಿಕ್ಕಮ್ಮ ಹ್ಞೂಂ ಅಂದ್ರು. ತಿರುಗಿದ್ರು. ಅಕ್ಕ ಹೊಸದೊಂದು ಉದ್ದದ ಪುಸ್ತಕ ನನ್ನ ಕೈಗೆ ಕೊಟ್ಟಳು, ಗೆರೆ ಅವಳೇ ಹೊಡ್ಕೊಂಡು ಬಂದಿದ್ಳು. ನಾನು ಬರೆದೆ, ರಾತ್ರಿ 10 – ಎಡ. ಅಕ್ಕನಿಗೆ ಒಳಗೆ ಹೋಗಿ ಮಲಕ್ಕೋ ಅಂದೆ, ಹೋದಳು. 2 ಗಂಟೆಗೆ ನಾನು ಅಲಾರಂಗೆ ಎದ್ದಾಗ ಅವಳ ರೂಮಿನ ಲೈಟು ಉರೀತಿತ್ತು. ಬಾಗಿಲ ಹತ್ರ ಹೋಗಿ "ನಾನು ಎದ್ದಿದೀನಿ ಕಣೇ" ಅಂದೆ, ಸ್ವಲ್ಪ ಹೊತ್ತಿಗೆ ಲೈಟು ಆಫ್ ಆಯ್ತು.